ದವಡೆಯ ಕಥೆ ಗೊತ್ತು, ಭುಜದ್ದು?

ಪುಟ್ಟೀ,

ಬಸ್ ಹತ್ತುವಾಗಲೂ ನೀನು ಮಾತಾಡಲಿಲ್ಲ. ಭುಜ ನೋಯುತ್ತಿದ್ದರೂ ಶನಿವಾರ ಆಡೇ ಆಡ್ತೀನಿ ಅಂದೆ. 'ಕುಂಬ್ಳೆ ದವಡೆ ಮುರಿದುಕೊಂಡು ಬೌಲಿಂಗ್ ಮಾಡಲಿಲ್ವಾ?' ಅಂತ ನನ್ನ ಬಾಯಿ ಮುಚ್ಚಿಸಿದೆ. ಅಜ್ಜಿ ಎದುರಿಗೆ ಗದರಿದ್ದಕ್ಕೆ ಬೇಜಾರಾಗಿದೆ, ಕ್ಷಮಿಸು. ಆದರೆ ಹೇಳಿದ ಮಾತನ್ನು ವಾಪಸ್ ತಗೊಳ್ಳಲ್ಲ.

ಕಬಿನಿಯ ಆ ರಜೆ ನಿನಗೂ ನೆನಪಿದೆ. ನನಗೆ ಮಾತ್ರ ಆನೆ, ಹಿನ್ನೀರು ಎಲ್ಲ ಮಸುಕಾಗಿ ಒಂದು ಕೈ ಉಳಿದಿದೆ. ಸಫಾರಿ ಮುಗಿದು ಇಳಿಯುತ್ತಿದ್ದೆವು. ಪಕ್ಕದ ಜೀಪಿನಿಂದ ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದು ಅನಿಲ್ ಕುಂಬ್ಳೆ ಇಳಿದರು. ಕಾಡಿನ ಫೋಟೊ ತೆಗೆಯುವ ಹುಚ್ಚು ಅವರಿಗಿದೆ ಅಂತ ಓದಿದ್ದೆ. ಹೀಗೆ ಎದುರಿಗೇ ಸಿಗುತ್ತಾರೆ ಅಂತ ಯಾರು ಅಂದುಕೊಂಡಿದ್ದರು? ನೀನು ಓಡಿಹೋಗಿ ಕೈ ಚಾಚಿದೆ. ಅವರು ಕ್ಯಾಮೆರಾ ಎಡಗೈಗೆ ಬದಲಿಸಿಕೊಂಡು ಕೈ ಕುಲುಕಿದರು. ಆ ಅಂಗೈಯೊಳಗೆ ನಿನ್ನ ಕೈ ಕಾಣಲೇ ಇಲ್ಲ. ನಾನು ಆ ಬಲಗೈಯನ್ನೇ ನೋಡುತ್ತಾ ನಿಂತಿದ್ದೆ. ಆಪರೇಷನ್ ಆದ ಭುಜ ಅದು.

ಅದನ್ನು ನಿನಗೆ ಯಾರೂ ಹೇಳಿಲ್ಲ. 2001ರಲ್ಲಿ ಆಸ್ಟ್ರೇಲಿಯಾ ಇಲ್ಲಿಗೆ ಬಂದಾಗ, ನಾವು ಸೋಲಿನ ಅಂಚಿಂದ ಎದ್ದು ಗೆದ್ದ ಕೋಲ್ಕತ್ತಾದ ಆ ಟೆಸ್ಟ್ ಸೇರಿ, ಭುಜದಿಂದಾಗಿ ಅವರು ಇಡೀ ಸರಣಿ ಆಡಲಿಲ್ಲ. ಇನ್ನೊಬ್ಬ ಸ್ಪಿನ್ನರ್ ಹರ್ಭಜನ್ ಮೂರು ಟೆಸ್ಟಲ್ಲಿ 32 ವಿಕೆಟ್ ತೆಗೆದರು. ತನ್ನ ಜಾಗ ಬೇರೆಯವರಿಗೆ ಹೋಗುತ್ತೆ ಅನ್ನೋ ಭಯ ನಿನಗಿದೆ, ಅಲ್ವಾ? ಕುಂಬ್ಳೆ ಜಾಗ ಹೋಗಲಿಲ್ಲ ಪುಟ್ಟೀ. ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದಿದ್ದು ಆ ಭುಜ ವಾಸಿಯಾದ ಮೇಲೆ.

ದವಡೆ ಮುರಿದದ್ದು 2002ರಲ್ಲಿ, ವೆಸ್ಟ್ ಇಂಡೀಸ್‌ನ ಆಂಟಿಗಾದಲ್ಲಿ. ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಹಾಕಿ ಅವರ ದೊಡ್ಡ ಬ್ಯಾಟ್ಸ್‌ಮನ್ ಲಾರಾ ವಿಕೆಟ್ ತೆಗೆದರು. ಆಮೇಲೆ ಆಪರೇಷನ್‌ಗೆ ಅಂತ ಊರಿಗೆ ಹೊರಟರು. ಆ ಕೊನೆಯ ಭಾಗ ಯಾರೂ ಹೇಳಲ್ಲ. ದವಡೆಗೂ ಬೌಲಿಂಗಿಗೂ ಸಂಬಂಧ ಇಲ್ಲ. ನಿನಗೆ ನೋಯುತ್ತಿರೋದು ಚೆಂಡು ಹಾಕೋ ಭುಜವೇ.

ಹುಡುಗರ ನೆಟ್ಸಲ್ಲಿ ನಿನ್ನ ಗೂಗ್ಲಿ ತಿರುಗಿದಾಗ ನನಗಾದ ಹೆಮ್ಮೆ ನಿನಗೆ ಹೇಳಿಲ್ಲ. ಮೊನ್ನೆ ಜಡೆ ಹಾಕಿಕೊಳ್ಳಲು ಕೈ ಎತ್ತಲಾಗದೆ ಬಾಚಣಿಗೆ ನನ್ನ ಕೈಗೆ ಕೊಟ್ಟೆಯಲ್ಲ, ಆ ರಾತ್ರಿ ನಿದ್ದೆ ಬರಲಿಲ್ಲ. ನೋವು ಮುಚ್ಚಿಡೋದು ಧೈರ್ಯ ಅಲ್ಲ. ಮಾತ್ರೆ ನುಂಗಿ ಆಡಬೇಡ. ಸರಿ, ಭಾಷಣ ಸಾಕು.

ಶುಕ್ರವಾರದೊಳಗೆ ಸ್ಕ್ಯಾನ್ ಮಾಡಿಸು. ದುಡ್ಡು ಹಾಕಿದ್ದೀನಿ. ಕೋಚ್‌ಗೆ ನೀನೇ ಹೇಳ್ತೀಯೋ, ನಾನು ಫೋನ್ ಮಾಡಲೋ? ಇವತ್ತೇ ತಿಳಿಸು.

ನಿನ್ನ ಅಮ್ಮ