ಜೋಗ: ಹೊರಹರಿವಿನಲ್ಲಿ ನದಿಯ ಪಾಲೆಷ್ಟು?

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಪತ್ರಿಕೆಯ ಜಲಾಶಯ ಮಟ್ಟದ ಪಟ್ಟಿ ನೋಡಿಕೊಂಡೇ ಜೋಗಕ್ಕೆ ಗಾಡಿ ಹತ್ತುವವರಿದ್ದಾರೆ. ಜೋಗದ ಮೇಲ್ಭಾಗದಲ್ಲಿ ಶರಾವತಿ ನದಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟೆಯ ಹೊರಹರಿವು ಸಾವಿರಾರು ಕ್ಯುಸೆಕ್ ಎಂದಿದ್ದರೆ ಜೋಗ ಭೋರ್ಗರೆಯುತ್ತಿದೆ ಎಂದೇ ಅವರ ಲೆಕ್ಕ. ಬಂದು ನೋಡಿದರೆ ಬಂಡೆಯ ಮೇಲೆ ನಾಲ್ಕು ಬಿಳಿ ಗೆರೆ. ಕ್ರಸ್ಟ್ ಗೇಟ್ ಮುಚ್ಚಿರುವಾಗ ಅಣೆಕಟ್ಟೆಯಿಂದ ಹೊರಡುವ ನೀರು ಕಾಲುವೆ ಹಿಡಿದು ತಲಕಳಲೆ ಜಲಾಶಯಕ್ಕೆ ಹೋಗಿ, ಅಲ್ಲಿಂದ ದೊಡ್ಡ ಕೊಳವೆಗಳಲ್ಲಿ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಜಲಪಾತದ ಕಡೆ ಅದು ಸುಳಿಯುವುದೇ ಇಲ್ಲ. ಗೇಟ್ ಎತ್ತಿ ನದಿಗೆ ಬಿಟ್ಟ ನೀರಷ್ಟೇ ಜೋಗಕ್ಕೆ ಬರುವುದು. ಅದಕ್ಕೆ ಜಲಾಶಯ 1,819 ಅಡಿಯ ಗರಿಷ್ಠ ಮಟ್ಟದ ಹತ್ತಿರ ಬರಬೇಕು. ಮಳೆ ಕೈಕೊಟ್ಟ ವರ್ಷ ಗೇಟ್ ಎತ್ತುವುದೇ ಇಲ್ಲ.

ಹಾಗೆಂದು ಗೇಟ್ ತೆರೆಯುವವರೆಗೆ ಕಾಯಬೇಕಿಲ್ಲ. ಅಣೆಕಟ್ಟೆಗೂ ಜೋಗಕ್ಕೂ ನಡುವಿನ ಕಾಡು, ಗದ್ದೆ, ಹಳ್ಳಗಳ ನೀರೆಲ್ಲ ಇದೇ ನದಿಗೆ ಸೇರುತ್ತದೆ. ಜುಲೈನಲ್ಲಿ ರಾತ್ರಿಯಿಡೀ ಜಡಿಮಳೆ ಹೊಡೆದರೆ ಬೆಳಿಗ್ಗೆ ಕೆಂಪು ನೀರು ಮೈತುಂಬಿ ಧುಮುಕುತ್ತದೆ. ಮಳೆ ಬಿಟ್ಟರೆ ಅಷ್ಟೇ ಬೇಗ ಇಳಿಯುತ್ತದೆ. ಆದ್ದರಿಂದ ಜಲಾಶಯ ಮಟ್ಟಕ್ಕಿಂತ ಕಾರ್ಗಲ್, ತಾಳಗುಪ್ಪ ಸುತ್ತಿನ ಹಿಂದಿನ ದಿನದ ಮಳೆಯನ್ನು ವಿಚಾರಿಸಿ ಹೊರಡುವುದು ಜಾಣತನ.

ಬಂದವರು ಹತ್ತು ನಿಮಿಷಕ್ಕೆ ಫೋಟೊ ತೆಗೆದು ತಿರುಗಿಬಿಡುವುದು ದೊಡ್ಡ ನಷ್ಟ. ಮಳೆಗಾಲದಲ್ಲಿ ಕಣಿವೆಗೆ ಮಂಜು ಮುಚ್ಚಿಕೊಂಡರೆ ಎದುರಿಗೆ ಏನೂ ಕಾಣದು, ಸದ್ದು ಮಾತ್ರ. ಗಾಳಿ ತಿರುಗಿದಾಗ ಎರಡು ಮೂರು ನಿಮಿಷ ತೆರೆದು ಮತ್ತೆ ಮುಚ್ಚುತ್ತದೆ. ಎರಡು ತಾಸಾದರೂ ಇಟ್ಟುಕೊಂಡು ಬನ್ನಿ. ಮಂಜು ಸರಿದಾಗ ಸಾಗರ ತಾಲ್ಲೂಕಿನ ಕಡೆಯಿಂದ ನೋಡುವವರಿಗೆ ಎಡದಿಂದ ರಾಜ, ರೋರರ್, ರಾಕೆಟ್, ರಾಣಿ. ಎತ್ತರ 253 ಮೀಟರ್, ಮೂರು ಕುತುಬ್ ಮಿನಾರನ್ನು ಒಂದರ ಮೇಲೊಂದು ನಿಲ್ಲಿಸಿದರೂ ಸಾಲದು. ಆದರೂ ಪಕ್ಕದಲ್ಲಿ ಅಳತೆಗೆ ಸಿಗುವಂಥದ್ದು ಏನೂ ಇಲ್ಲದ್ದರಿಂದ ಕಣ್ಣಿಗೆ ಆ ಆಳ ಹತ್ತುವುದಿಲ್ಲ. ಅದಕ್ಕೊಂದು ಉಪಾಯವಿದೆ. ರಾಜನ ನೆತ್ತಿಯಲ್ಲಿ ನೀರಿನ ಒಂದೇ ಒಂದು ಬಿಳಿ ಮುದ್ದೆಯನ್ನು ಹಿಡಿದು, ಕಣ್ಣು ಕೀಳದೆ ಅದರ ಜೊತೆಗೇ ಇಳಿಯಿರಿ. ಮೊದಲು ಇಡಿಯಾಗಿ ಬರುತ್ತದೆ, ಆಮೇಲೆ ಬಾಲ ಬಿಡುತ್ತದೆ, ಅರ್ಧ ದಾರಿಯಲ್ಲಿ ಹಿಂಜಿದ ಅರಳೆಯಾಗುತ್ತದೆ, ಇನ್ನೂ ಬೀಳುತ್ತಲೇ ಇರುತ್ತದೆ. ಗಾಳಿಯ ತಡೆಯೇ ಇಲ್ಲದಿದ್ದರೂ ತಳ ಮುಟ್ಟಲು ಏಳು ಸೆಕೆಂಡಿಗೂ ಹೆಚ್ಚು ಬೇಕು. ಆ ಎಣಿಕೆ ಮುಗಿಯುವಷ್ಟರಲ್ಲಿ ಎದೆ ಝಲ್ಲೆನ್ನುತ್ತದೆ.

ಗೇಟ್ ತೆರೆದ ದಿನದ ಅಬ್ಬರ ನಿಜಕ್ಕೂ ಕಂಡರಿಯದ್ದು. ಆದರೆ ಆಗ ನಾಲ್ಕೂ ಕವಲು ಒಂದಾಗಿ, ತುಂತುರಲ್ಲೇ ಮುಚ್ಚಿಹೋಗುತ್ತವೆ. ರಾಜನ ಇಳಿತ, ರಾಣಿಯ ಬಳುಕು ಬೇರೆ ಬೇರೆಯಾಗಿ ಕಾಣಬೇಕಾದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರಗಳೇ ಸರಿ. ಬಿಸಿಲು ಬೆನ್ನಿಗಿದ್ದರೆ ಕೆಳಗೆ ಕಾಮನಬಿಲ್ಲೂ ಸಿಗುತ್ತದೆ.

ಕೊಡೆ ತರಬೇಡಿ, ಕಣಿವೆಯ ಗಾಳಿ ಕೆಳಗಿನಿಂದ ಮೇಲಕ್ಕೆ ನುಗ್ಗಿ ಅದನ್ನು ಮಗುಚಿಹಾಕುತ್ತದೆ. ರೇನ್‌ಕೋಟ್ ಇರಲಿ. ತಳಕ್ಕೆ ಸುಮಾರು 1,400 ಮೆಟ್ಟಿಲು. ಮಳೆ ಜೋರಿದ್ದಾಗ ದಾರಿ ಮುಚ್ಚಿರುತ್ತದೆ, ತೆರೆದಾಗಲೂ ಪಾಚಿಯಿಂದ ಜಾರುತ್ತದೆ. ಇಳಿಯುವುದು ಹಗುರ, ಹತ್ತುವಾಗಲೇ ಮಂಡಿ ಸೋಲುವುದು. ಉಂಬಳಕ್ಕೆ (ಜಿಗಣೆಗೆ) ಉಪ್ಪಿನ ಗಂಟು ಸಾಕು. ಸಿದ್ದಾಪುರದ ಕಡೆ ನೆತ್ತಿಯ ಬಂಡೆಗಳಿಗೆ ಮಾತ್ರ ಯಾರೂ ಇಳಿಯಕೂಡದು. ಮೇಲೆ ಮಳೆಯಾದರೆ ಇಲ್ಲಿ ಬಿಸಿಲಿದ್ದಾಗಲೂ ನೀರು ಏರುತ್ತದೆ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಲಿಂಗನಮಕ್ಕಿಯ ಹೊರಹರಿವನ್ನು ‘ವಿದ್ಯುತ್‌ಗೆ’, ‘ನದಿಗೆ’ ಎಂದು ಎರಡಾಗಿ ಮುದ್ರಿಸಬೇಕೆಂದು ಕೋರುತ್ತೇವೆ. ಜಾಗವಿದ್ದರೆ ಪಕ್ಕದಲ್ಲೇ ಕಾರ್ಗಲ್‌ನ ಹಿಂದಿನ ದಿನದ ಮಳೆಯೂ ಇರಲಿ.

– ಓದುಗರು, ತಾಳಗುಪ್ಪ, ಸಾಗರ ತಾಲ್ಲೂಕು