ಭಂಡಾರಿ ಬಸವಣ್ಣನವರು ಇಂದು ಮತ ಕೇಳಲು ಬಂದರೆ

ಚಿರಂಜೀವಿ ತಮ್ಮನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ದೊಡ್ಡವ್ವನ ಮೊಣಕಾಲು ನೋವು ಸ್ವಲ್ಪ ಇಳಿದಿದೆ. ನೀನು ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಓದಿದೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅನ್ನಿಸಿ ಕಾಗದ ಹಿಡಿದು ಕೂತಿದ್ದೇನೆ.

ಮಠದ ಅಜ್ಜಾರು, ಅಂದರೆ ನಮ್ಮ ಸ್ವಾಮಿಗಳು, ಮುಂದಿನ ಚುನಾವಣೆಗೆ ನಿಲ್ಲುತ್ತಾರಂತೆ, ನೀನು ಬೆಂಗಳೂರಿನ ಕೆಲಸ ಬಿಟ್ಟು ಅವರ ಪ್ರಚಾರಕ್ಕೆ ಬರುತ್ತೀಯಂತೆ. "ಹೆಂಡತಿ ಮಕ್ಕಳಿಲ್ಲದವರು, ಯಾರಿಗಾಗಿ ಕೂಡಿಡಬೇಕು? ಬಸವಣ್ಣನವರು ಧರ್ಮಗುರುವೂ ಆಗಿದ್ದರು, ಮಂತ್ರಿಯೂ ಆಗಿದ್ದರು. ಇಂದು ಅವರಿದ್ದಿದ್ದರೆ ಮುಖ್ಯಮಂತ್ರಿ ಮಾಡಬೇಕಿತ್ತು" ಎಂದು ಬರೆದಿದ್ದೀಯ. ಈ ವಯಸ್ಸಿನಲ್ಲಿ ಊರ ಚಿಂತೆ ಹಚ್ಚಿಕೊಂಡಿದ್ದೀಯಲ್ಲ, ಅದೇ ನನಗೆ ದೊಡ್ಡ ಸಂತೋಷ. ಹೋಗಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಬಸವಣ್ಣನವರ ಹೆಸರು ತೆಗೆದಿದ್ದೀಯ, ಅವರನ್ನೇ ಮುಂದಿಟ್ಟುಕೊಂಡು ಮಾತಾಡೋಣ.

ಮೊದಲನೆಯದಾಗಿ, ಬಸವಣ್ಣನವರು ಮಠಾಧಿಪತಿಯಾಗಿರಲಿಲ್ಲ. ಗಂಗಾಂಬಿಕೆ, ನೀಲಾಂಬಿಕೆಯರ ಜೊತೆ ಸಂಸಾರ ಮಾಡಿದವರು. ಬಾಗೇವಾಡಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಬೆಳೆದು, ಕಳಚುರಿ ಬಿಜ್ಜಳ ಇನ್ನೂ ಚಾಲುಕ್ಯರ ಮಾಂಡಲಿಕನಾಗಿದ್ದ ಕಾಲಕ್ಕೆ ಮಂಗಳವೇಡೆಯಲ್ಲಿ ಕರಣಿಕರಾಗಿ ಕೆಲಸಕ್ಕೆ ಸೇರಿದರು. ಲೆಕ್ಕ ಬರೆಯುವ ಕೆಲಸ. ಅಲ್ಲಿಂದ ಭಂಡಾರಿಯಾದರು. 1162ರ ಸುಮಾರಿಗೆ ಬಿಜ್ಜಳ ಚಾಲುಕ್ಯರ ಗದ್ದುಗೆಯನ್ನು ಪೂರ್ತಿ ತನ್ನದಾಗಿಸಿಕೊಂಡಾಗ ಕಲ್ಯಾಣದ ಬೊಕ್ಕಸ ಬಸವಣ್ಣನವರ ಕೈಯಲ್ಲಿತ್ತು. ಇದರಲ್ಲಿ ಬಹಳಷ್ಟನ್ನು ನಾವು ಪುರಾಣಗಳಿಂದಲೇ ತಿಳಿಯಬೇಕು. ಹುಕ್ಕೇರಿ ತಾಲೂಕಿನ ಅರ್ಜುನವಾಡದ ಶಾಸನದಲ್ಲಿ ಅವರ ಹೆಸರು ಬರುವುದೇ 1260ರಲ್ಲಿ. ಆದರೆ ಅವರ ವಚನಗಳನ್ನು ಓದಿದರೆ ರಾಜನ ಚಾಕರಿ ಮಾಡಿದವರ ಮಾತು ಅಂತ ಗೊತ್ತಾಗುತ್ತದೆ. ಗದ್ದುಗೆಯ ಕೆಳಗೆ ಕೂತು, ಲಿಂಗ ಕಟ್ಟದ ಭವಿ ಬಿಜ್ಜಳನನ್ನು ಓಲೈಸುತ್ತಾನೆ ಎಂದು ತಮ್ಮವರೇ ಆಡಿಕೊಂಡದ್ದನ್ನು ಅವರೇ ವಚನದಲ್ಲಿ ಹೇಳಿಕೊಂಡಿದ್ದಾರೆ. ನನ್ನ ಒಡಲಿಗಾಗಿ ದುಡಿದದ್ದಾದರೆ ತಲೆದಂಡ ಎಂದು ಅದಕ್ಕೆ ಉತ್ತರವನ್ನೂ ಕೊಟ್ಟಿದ್ದಾರೆ. ಇದನ್ನು ಗಮನಿಸು ತಮ್ಮಾ. ಜನ ಅವರನ್ನು ಕೇಳುತ್ತಿದ್ದರು, ಅವರು ಉತ್ತರ ಕೊಡುತ್ತಿದ್ದರು.

ಅವರ ಬೊಕ್ಕಸದ ಕಥೆ ನಿನಗೆ ಗೊತ್ತು, ಅಜ್ಜಿ ಹೇಳುತ್ತಿದ್ದಳು. ರಾಜಭಂಡಾರದ ಹೊನ್ನನ್ನು ಜಂಗಮರಿಗೆ ಹಂಚಿ ಖಾಲಿ ಮಾಡಿದ್ದಾನೆ ಎಂದು ಮತ್ಸರದವರು ಬಿಜ್ಜಳನಿಗೆ ಚಾಡಿ ಹೇಳಿದರು. ಬಿಜ್ಜಳ ಲೆಕ್ಕ ಕೇಳಿದ. ಬಸವಣ್ಣನವರು ಭಂಡಾರ ತೆರೆಸಿ ಎಣಿಸಿಕೊಟ್ಟರು, ಒಂದು ಹಾಗದ ಕಾಸೂ ಕಡಿಮೆ ಬೀಳಲಿಲ್ಲ. ನಮ್ಮಲ್ಲಿ ಇದನ್ನು ಸಂಗಮನಾಥನ ಪವಾಡ ಅಂತ ಹೇಳುತ್ತಾರೆ. ಜೀವನವಿಡೀ ಖಜಾನೆಯಲ್ಲಿ ಕೆಲಸ ಮಾಡಿದ ನನಗೆ ಅದರಲ್ಲಿ ಬೇರೆ ಒಂದು ಕಾಣುತ್ತದೆ. ಲೆಕ್ಕ ಕೇಳಿದಾಗ ಅವರು "ನಾನು ಶರಣ, ನನ್ನ ಮೇಲೇ ಸಂಶಯವೇ?" ಅನ್ನಲಿಲ್ಲ. ಕೀಲಿ ತೆಗೆದು ಮುಂದಿಟ್ಟರು. "ಹೊನ್ನಿನೊಳಗೊಂದೊರೆಯ, ಸೀರೆಯೊಳಗೊಂದೆಳೆಯ, ಇಂದಿಂಗೆ ನಾಳಿಂಗೆ ಬೇಕೆಂದೆನಾದಡೆ ನಿಮ್ಮಾಣೆ" ಎಂದವರು ಅವರೇ. ಅಂಥ ಆಣೆ ಇಟ್ಟವರು ಕೂಡ ಎಣಿಕೆಯಿಂದ ತಪ್ಪಿಸಿಕೊಳ್ಳಲಿಲ್ಲ.

ನಮ್ಮ ಖಜಾನೆಯ ಭದ್ರತಾ ಕೊಠಡಿಯನ್ನು ನೀನು ಚಿಕ್ಕವನಿದ್ದಾಗ ಹೊರಗಿನಿಂದ ನೋಡಿದ್ದೆ. ಛಾಪಾ ಕಾಗದ, ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಗಳ ಕಟ್ಟು ಎಲ್ಲ ಅಲ್ಲೇ ಇರುತ್ತಿದ್ದವು. ಅದಕ್ಕೆ ಡಬಲ್ ಲಾಕ್. ಒಂದು ಕೀಲಿ ಖಜಾನಾಧಿಕಾರಿಯ ಹತ್ತಿರ, ಇನ್ನೊಂದು ನನ್ನ ಹತ್ತಿರ. ಇಬ್ಬರೂ ಬಂದು ನಿಂತು ತೆರೆಯಬೇಕು, ತೆಗೆದದ್ದಕ್ಕೆ ಉಳಿದದ್ದಕ್ಕೆ ರಿಜಿಸ್ಟರಿನಲ್ಲಿ ಇಬ್ಬರೂ ಸಹಿ ಹಾಕಬೇಕು. ನನ್ನ ಮೇಲೆ ಒಬ್ಬ ಅಧಿಕಾರಿ ಇದ್ದರು, ದೇವರಂಥ ಮನುಷ್ಯ. ಕಚೇರಿಯ ಚಹಾ ಕೂಡ ತಮ್ಮ ದುಡ್ಡಿನಲ್ಲೇ ಕುಡಿಯುವವರು. ಒಂದು ಸಲ ಹೊಸದಾಗಿ ಬಂದ ಹುಡುಗನೊಬ್ಬ "ಸಾಹೇಬರೊಬ್ಬರೇ ತೆಗೆದರೆ ಏನಾಗುತ್ತದೆ?" ಅಂದ. ಅವರೇ ಅವನನ್ನು ಕೂರಿಸಿಕೊಂಡು, ಈ ಎರಡನೇ ಕೀಲಿ ಇರುವುದರಿಂದಲೇ ನಾನು ರಾತ್ರಿ ನೆಮ್ಮದಿಯಿಂದ ಮಲಗುತ್ತೇನೆ ಎಂದು ತಿಳಿಸಿ ಹೇಳಿದರು. ಅವರಿಗಿದ್ದ ಮರ್ಯಾದೆ ಅದರಿಂದ ಕಡಿಮೆಯಾಗಲಿಲ್ಲ.

ಅಜ್ಜಾರ ಬಗ್ಗೆ ನನ್ನ ಚಿಂತೆ ಇದೇ. ಅವರ ಕೈಬಾಯಿ ಶುದ್ಧವಿರಬಹುದು, ನಾನು ಅನುಮಾನಿಸುವುದಿಲ್ಲ. ಆದರೆ ಎರಡನೇ ಕೀಲಿ ಯಾರ ಕೈಯಲ್ಲಿರುತ್ತದೆ?

ನಮ್ಮ ಗ್ರಾಮಸಭೆಯಲ್ಲಿ ಕೂತು ನೋಡಿದ್ದೀಯಲ್ಲ. ವಿಧವಾ ವೇತನ ನಿಂತುಹೋದ ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಲ್ಲುತ್ತಾಳೆ. ಶಾಸಕರ ಕಡೆಗೇ ಬೆರಳು ಮಾಡಿ "ಓಟಿಗೆ ಬಂದಾಗ ಅವ್ವಾ ಅಂದಿದ್ದೆಲ್ಲಪ್ಪಾ, ಈಗ ನನ್ನ ಹಣ ಎಲ್ಲಿ?" ಅಂತಾಳೆ. ಜನ ಚಪ್ಪಾಳೆ ಹೊಡೆಯುತ್ತಾರೆ, ಶಾಸಕರು ಮುಖ ಒರೆಸಿಕೊಂಡು ಪಿಡಿಒ ಕಡೆ ನೋಡುತ್ತಾರೆ. ಪ್ರಜಾಪ್ರಭುತ್ವ ನಮ್ಮೂರಿಗೆ ಕೊಟ್ಟಿರುವ ದೊಡ್ಡ ಆಸ್ತಿ ಆ ಬೆರಳು. ಅದೇ ಕುರ್ಚಿಯಲ್ಲಿ ಅಜ್ಜಾರು ಕೂತಿದ್ದರೆ ಆ ಮುದುಕಿ ಮೊದಲು ಅಡ್ಡಬೀಳುತ್ತಾಳೆ. ಎದ್ದ ಮೇಲೆ ಕೇಳಬೇಕೆಂದದ್ದು ಅವಳ ಬಾಯಿಗೆ ಬರುವುದಿಲ್ಲ. ಹಿಂದೆ ನಿಂತವನು ಕೇಳಿದರೂ "ಏ, ಬುದ್ಧಿಯವರಿಗೆ ಎದುರಾಡ್ತೀಯಾ?" ಅಂತ ಅವನ ಬಾಯಿ ಮುಚ್ಚಿಸುತ್ತಾರೆ. ಮುಚ್ಚಿಸುವವರು ಅಜ್ಜಾರಲ್ಲ, ನಾವೇ. ನೀನೂ ಅವರಲ್ಲೊಬ್ಬನಾಗಿರುತ್ತೀಯ.

ಕಲ್ಯಾಣದಲ್ಲಿ ಹಾಗಿರಲಿಲ್ಲ. ಅನುಭವ ಮಂಟಪದ ಶೂನ್ಯ ಸಿಂಹಾಸನದ ಮೇಲೆ ಬಸವಣ್ಣನವರು ಕೂರಲಿಲ್ಲ, ಅಲ್ಲಮಪ್ರಭುಗಳು ಕೂತರು. ಬಸವಣ್ಣನವರ ಭಕ್ತಿಯನ್ನೇ ಪ್ರಭುಗಳು ಒರೆಗೆ ಹಚ್ಚಿದರು. ಆಯ್ದಕ್ಕಿ ಮಾರಯ್ಯನ ಹೆಂಡತಿ ಲಕ್ಕಮ್ಮನನ್ನು ನೆನೆಸಿಕೋ. ಗಂಡ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. "ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?" ಎಂದು ಕೇಳಿ, ತಂದಲ್ಲಿಗೇ ಹೋಗಿ ಸುರಿದು ಬಾ ಎಂದಳು. ಆ ರಾಜ್ಯದ ಭಂಡಾರಿಯ ಮನೆಯ ಅಕ್ಕಿಯನ್ನು, ದಿನದ ಹಿಟ್ಟಿಗೆ ದುಡಿಯುವ ಹೆಣ್ಣುಮಗಳು ಬೇಡವೆಂದು ತಿರುಗಿ ಕಳಿಸಿದಳು. ಅದಕ್ಕಾಗಿ ಅವಳನ್ನು ಯಾರೂ ದಬಾಯಿಸಲಿಲ್ಲ, ಎತ್ತಿ ಹಾಡಿದರು. ಇಂಥವರನ್ನು ಸುತ್ತ ಬೆಳೆಸಿದ್ದೇ ಬಸವಣ್ಣನವರ ನಾಯಕತ್ವ ಎಂದು ನಾನು ತಿಳಿದಿದ್ದೇನೆ. ನಿನ್ನ ಅಜ್ಜಾರ ಸುತ್ತ ಒಬ್ಬ ಲಕ್ಕಮ್ಮ ಇದ್ದಾಳೆಯೇ ನೋಡು.

ಇನ್ನು "ಸಂತನ ಗುಣ ಇದ್ದರೆ ಸಾಕು, ರಾಜ್ಯ ತಾನಾಗಿಯೇ ಸುಧಾರಿಸುತ್ತದೆ" ಎಂಬ ನಿನ್ನ ಮಾತು. ಇಲ್ಲಿ ನನಗೂ ನಿನಗೂ ನಿಜವಾಗಿ ಭೇದವಿದೆ. ಬಸವಣ್ಣನವರ ಮನೆಯ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದರು. ಬೊಬ್ಬೆ ಹಾಕಬೇಡಿ, ಅಲ್ಲಿ ಉಂಡರೂ ಸಂಗ, ಇಲ್ಲಿ ಉಂಡರೂ ಸಂಗ, ಅಂದರೆ ಉಣ್ಣುವವನು ಸಂಗಮನಾಥನೇ, ಎಂದು ವಚನ ಹೇಳಿದರು. ಕರುಗಳು ಒದರುತ್ತವೆ, ಅವನ್ನೂ ತಾಯಿಯ ಹತ್ತಿರ ಬಿಟ್ಟು ಬನ್ನಿ ಎಂದರಂತೆ. ಆ ಕಥೆ ಕೇಳಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ. ಆದರೆ ಅವು ಅವರ ಸ್ವಂತ ಹಸುಗಳು. ನಿನ್ನಪ್ಪನ ಎರಡು ಎಮ್ಮೆ ಕಳವಾಗಿ ಠಾಣೆಗೆ ಹೋದರೆ, ಗೃಹಮಂತ್ರಿ "ಕಳ್ಳನೂ ಶಿವನೇ, ಕರುವನ್ನೂ ಕೊಟ್ಟು ಬಾ" ಅನ್ನಬಹುದೇ? ತನ್ನದನ್ನು ಬಿಟ್ಟುಕೊಡುವವನು ಸಂತ. ಇನ್ನೊಬ್ಬರದನ್ನು ಬಿಟ್ಟುಕೊಡುವ ಹಕ್ಕು ಆಳುವವನಿಗಿಲ್ಲ. ಬಸವಣ್ಣನವರಿಗೆ ಈ ಗೆರೆ ತಿಳಿದಿತ್ತು, ಅದಕ್ಕೇ ಮನೆಯ ಹಸುವಿನ ವಿಷಯದಲ್ಲಿ ಒಂದು, ರಾಜನ ಬೊಕ್ಕಸದ ವಿಷಯದಲ್ಲಿ ಇನ್ನೊಂದು. ಎಲ್ಲ ಸಂತರಿಗೂ ಅದು ತಿಳಿದಿರುತ್ತದೆ ಎಂದು ಹೇಳಲಾರೆ.

ಕಲ್ಯಾಣದ ಕೊನೆಯೂ ನಿನಗೆ ಗೊತ್ತು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆಯಾಯಿತು. ಶರಣರು ನಿಂತು ಮಾಡಿಸಿದರು. ಜಾತಿಯವರು ಬಿಜ್ಜಳನ ಕಿವಿ ಊದಿದರು. ಹರಳಯ್ಯ, ಮಧುವರಸರಿಗೆ ಘೋರ ಶಿಕ್ಷೆಯಾಯಿತು. ಬಸವಣ್ಣನವರು ಅಧಿಕಾರ ಬಿಟ್ಟು ಕೂಡಲಸಂಗಮಕ್ಕೆ ಹೋದರು. ಬಿಜ್ಜಳನ ಕೊಲೆಯಾಯಿತು ಎನ್ನುತ್ತವೆ ಪುರಾಣಗಳು. ಶರಣರು ವಚನದ ಕಟ್ಟುಗಳನ್ನು ಹೊತ್ತು, ಬೆನ್ನಟ್ಟಿ ಬಂದ ಸೈನ್ಯದೊಡನೆ ಹೋರಾಡುತ್ತ ಚನ್ನಬಸವಣ್ಣನವರ ಜೊತೆ ಉಳವಿಯ ಕಾಡು ಸೇರಿದರು.

ಈಗಿನ ಕಾಲದ ರಾಜಕೀಯ ಸಲಹೆಗಾರನನ್ನು ಕೇಳಿದರೆ, "ಸ್ವಲ್ಪ ತಡೆಯಿರಿ, ಮದುವೆಯನ್ನು ಎರಡು ವರ್ಷ ಮುಂದೂಡಿ, ರಾಜನ ಮನಸ್ಸು ಒಲಿಸಿಕೊಳ್ಳಿ" ಅನ್ನುತ್ತಿದ್ದ. ಮತದ ಲೆಕ್ಕದಲ್ಲಿ ಅದು ಸರಿಯೂ ಇರಬಹುದು. ಬಸವಣ್ಣನವರು ಮುಂದೂಡಲಿಲ್ಲ. ಆ ಮದುವೆಯನ್ನು ಅವರು ಮುಂದೂಡಿದ್ದರೆ ಇಂದು ಅವರನ್ನು ನೆನೆಸಲು ನಮಗೆ ಕಾರಣವೇ ಇರುತ್ತಿರಲಿಲ್ಲ. ಆದರೂ ಕಲ್ಯಾಣದ ಬೀದಿಯಲ್ಲಿ ಹರಿದ ರಕ್ತವನ್ನು ನಾನು ಮರೆಯಲಾರೆ. ಆಳುವವನಿಗೆ ಆ ರಕ್ತದ ಹೊಣೆಯೂ ಇರುತ್ತದೆ. ಗುರುವಾಗಿ ಸತ್ಯ ಹೇಳುವುದು, ಮಂತ್ರಿಯಾಗಿ ಜನರ ಪ್ರಾಣ ಕಾಯುವುದು, ಇವೆರಡೂ ಒಂದೇ ಹೆಗಲ ಮೇಲೆ ಬಿದ್ದಾಗ ಬಸವಣ್ಣನವರಂಥವರೇ ಒಂದನ್ನು ಇಳಿಸಬೇಕಾಯಿತು. ಅವರು ಕುರ್ಚಿಯನ್ನು ಇಳಿಸಿದರು. ಕುರ್ಚಿ ಬಿಡಲಾರದವನು ಸತ್ಯವನ್ನು ಇಳಿಸುತ್ತಾನೆ, ಕಾವಿ ಮಾತ್ರ ಮೈಮೇಲೆ ಉಳಿಯುತ್ತದೆ. ನನಗೆ ಅದರದೇ ಭಯ.

ಕಾನೂನಿನಲ್ಲಿ ಅಡ್ಡಿಯೇನಿಲ್ಲ. ಸನ್ಯಾಸಿನಿ ಉಮಾ ಭಾರತಿಯವರು 2003ರಲ್ಲಿ ಮಧ್ಯಪ್ರದೇಶದ ಮುಖ್ಯಮಂತ್ರಿಯಾದರು, ಗೋರಖನಾಥ ಪೀಠದ ಮಹಂತ ಯೋಗಿ ಆದಿತ್ಯನಾಥರು 2017ರಲ್ಲಿ ಉತ್ತರ ಪ್ರದೇಶದ ಮುಖ್ಯಮಂತ್ರಿಯಾದರು. ಕಾವಿ ಉಟ್ಟವರೂ ಈ ದೇಶದ ಪ್ರಜೆಗಳೇ, ನಿಲ್ಲುವ ಹಕ್ಕು ಅವರಿಗೂ ಇದೆ. ಆದರೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮನ್ನು ಓದು. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ಇನ್ನಷ್ಟು ಬಿಗಿ ಮಾಡಿತು. ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರನ ಧರ್ಮವನ್ನು ಎತ್ತಿ ಕೇಳಿದರೂ ತಪ್ಪು ಎಂದಿತು. ಮಠದ ಆವರಣದಲ್ಲಿ, ಪಾದಪೂಜೆಯ ದಿನ, ಭಕ್ತರ ಎದುರು ಮತ ಕೇಳಿದರೆ ಅದು ಯಾವ ಲೆಕ್ಕಕ್ಕೆ ಬರುತ್ತದೆ? ನೀನು ಪ್ರಚಾರಕ್ಕೆ ಹೋಗುವವನು, ಇದಕ್ಕೆ ಉತ್ತರ ನಿನಗೇ ಬೇಕಾಗುತ್ತದೆ.

ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳನ್ನು ನೋಡು. 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಅವರಿಗೆ 111 ವರ್ಷ. ಒಂದೇ ಒಂದು ಚುನಾವಣೆಗೆ ನಿಲ್ಲಲಿಲ್ಲ. ಎಲ್ಲ ಪಕ್ಷದವರೂ ಅವರ ಹತ್ತಿರ ಬರುತ್ತಿದ್ದರು, ಯಾರನ್ನೂ ಅವರು ಬಾಗಿಲಿಂದ ತಿರುಗಿ ಕಳಿಸಲಿಲ್ಲ. ಯಾವ ಜಾತಿ ಎಂದು ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ವಸತಿ ಕೊಟ್ಟರು. ಒಂದು ಸಲ ಅವರು ಒಂದು ಪಕ್ಷದ ಚಿಹ್ನೆ ಹಿಡಿದು ನಿಂತಿದ್ದರೆ, ಮರುದಿನದಿಂದಲೇ ಆ ದಾಸೋಹದ ಪಂಕ್ತಿಯಲ್ಲಿ ನಮ್ಮವರು, ಅವರವರು ಎಂಬ ಗೆರೆ ಬೀಳುತ್ತಿತ್ತು. ನಮ್ಮ ಮಠದ ಹಾಸ್ಟೆಲಿನಲ್ಲೂ ಎಲ್ಲ ಕೇರಿಯ ಹುಡುಗರು ಇದ್ದಾರೆ. ಅವರಪ್ಪಂದಿರು ಬೇರೆಯವರಿಗೆ ಮತ ಹಾಕಿದರೆ ಆ ಹುಡುಗರ ತಟ್ಟೆಗೆ ಬಡಿಸುವವನ ಕೈ ಹೇಗಿರುತ್ತದೆ ಎಂದು ಯೋಚಿಸಿದ್ದೀಯಾ?

ನನ್ನ ಮಾತು ಇಷ್ಟು. ರಾಜೀನಾಮೆ ಈಗಲೇ ಕೊಡಬೇಡ, ಸಂಬಳವಿಲ್ಲದ ರಜೆ ಸಿಗುತ್ತದೆಯೇ ಕೇಳು. ಮುಂದಿನ ವಾರ ಬಂದಾಗ ಅಜ್ಜಾರನ್ನು ಒಬ್ಬನೇ ಹೋಗಿ ಕಾಣು. ನಮಸ್ಕಾರ ಮಾಡು, ಮಾಡಲೇಬೇಕು. ಆಮೇಲೆ ಎದುರು ಕೂತು ಕೇಳು. ಮಠದ ಲೆಕ್ಕವನ್ನೂ ಪ್ರಚಾರದ ಲೆಕ್ಕವನ್ನೂ ಬೇರೆ ಬೇರೆ ಇಡುತ್ತೀರಾ, ಇಟ್ಟದ್ದನ್ನು ಊರ ಮುಂದೆ ಓದಿಸುತ್ತೀರಾ? ಗೆದ್ದರೆ ಪೀಠವನ್ನು ಬೇರೆಯವರಿಗೆ ವಹಿಸುತ್ತೀರಾ? ಗ್ರಾಮಸಭೆಗೆ ಬಂದಾಗ ಸಿಂಹಾಸನ, ಪಲ್ಲಕ್ಕಿ ಇಲ್ಲದೆ ಪಂಚಾಯಿತಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತೀರಾ? ಮುಂದಿನ ಸಲ ನಾವು ನಿಮ್ಮನ್ನು ಸೋಲಿಸಿದರೆ, ಸೋಲಿಸಿದವರ ಮಕ್ಕಳಿಗೂ ಹಾಸ್ಟೆಲಿನಲ್ಲಿ ಇದೇ ಅನ್ನ ಸಿಗುತ್ತದೆಯಾ?

ಅವರು ಸಿಟ್ಟಾಗದೆ ಇದಕ್ಕೆಲ್ಲ ನೇರವಾಗಿ ಉತ್ತರ ಕೊಟ್ಟರೆ ಮನೆಗೆ ಬಂದು ನನಗೆ ಹೇಳು. ಕರಪತ್ರ ಹಂಚಲು ನಾನೂ ನಿನ್ನ ಜೊತೆ ಬರುತ್ತೇನೆ. ಅವರು ಮಾತಾಡುವ ಮೊದಲೇ ಪಕ್ಕದಲ್ಲಿ ನಿಂತವರು ನಿನ್ನನ್ನು ಎಬ್ಬಿಸಿ ಕಳಿಸಿದರೆ, ಅದನ್ನೂ ಬಂದು ಹೇಳು.

ನಿನ್ನ ಅಪ್ಪ ಅವ್ವನಿಗೆ ನಮ್ಮ ನೆನಪುಗಳನ್ನು ತಿಳಿಸು. ದೊಡ್ಡವ್ವ ನಿನಗೆ ಶೇಂಗಾ ಹೋಳಿಗೆ ಮಾಡಿ ಇಡುತ್ತಾಳಂತೆ, ಬರುವ ದಿನ ಮೊದಲೇ ತಿಳಿಸು.

ಇಂತಿ ನಿನ್ನ
ದೊಡ್ಡಪ್ಪ