ಮಾತ್ರೆ ಎಲ್ಲಿ ಇಳಿಯಬೇಕೋ ಅಲ್ಲೇ ಇಳಿಯಲಿ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೇ ಯಾಕೆ? ತಿಂಡಿ ಜೊತೆ ನುಂಗಿದರೆ ಏನು? ಒಳಗೆ ಹೋದ ಮೇಲೆ ಎಲ್ಲಾ ಒಂದೇ ಅಲ್ವಾ?" ಅಂತ. "ಸುಮ್ನೆ ಡಾಕ್ಟರ್ ಹೇಳಿದ ಹಾಗೆ ಮಾಡು" ಎಂದುಬಿಟ್ಟೆ. ಅದು ಉತ್ತರವಲ್ಲ ಎಂದು ಆಮೇಲೆ ಮನಸ್ಸು ಕೊರೆಯಿತು. ಒಂದು ಕಾಲದಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಅದರಿಂದ ನಿನ್ನ ಅಜ್ಜಿಗೆ ತೊಂದರೆಯಾಗಿತ್ತು.

ಅಜ್ಜಿಗೆ ದೊಡ್ಡ ಮಾತ್ರೆ ನುಂಗಲು ಆಗುತ್ತಿರಲಿಲ್ಲ. ಅವರ ಬಿಪಿ ಮಾತ್ರೆಯನ್ನು ಚಮಚದ ಹಿಂಬದಿಯಿಂದ ಪುಡಿ ಮಾಡಿ, ನೀರಿಗೆ ಕಲಸಿ ಕುಡಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಹಾಸಿಗೆಯಿಂದ ಎದ್ದವರು "ಕಣ್ಣು ಕತ್ತಲೆ ಬರ್ತಿದೆ" ಎನ್ನುತ್ತಾ ಗೋಡೆ ಹಿಡಿದು ಕುಸಿದು ಕೂತರು. ಬಿಪಿ ಪಾತಾಳಕ್ಕೆ ಇಳಿದಿತ್ತು. ಅದು 24 ಗಂಟೆ ನಿಧಾನವಾಗಿ ಕರಗುತ್ತಾ, ಕರುಳಿನುದ್ದಕ್ಕೂ ಸ್ವಲ್ಪ ಸ್ವಲ್ಪವೇ ಔಷಧಿ ಬಿಡಬೇಕಾದ ಮಾತ್ರೆ. ನಾನು ಇಡೀ ದಿನದ್ದನ್ನು ಒಂದೇ ಗುಟುಕಿಗೆ ಕೊಟ್ಟಿದ್ದೆ. ಅಜ್ಜಿ ಸಂಜೆಗೆ ಸುಧಾರಿಸಿಕೊಂಡರು. ಆದರೆ ಆ ಬಿಳಿಚಿದ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಬಾಯಿಯಿಂದ ಗುದದವರೆಗೆ ಇರುವುದು ಒಂದೇ ಕೊಳವೆ, ನಿಜ. ಆದರೆ ಅದರ ಒಂದೊಂದು ಭಾಗದ ಗುಣ ಒಂದೊಂದು. ಅಜ್ಜ ಎದೆನೋವಿಗೆ ನಾಲಿಗೆ ಕೆಳಗೆ ಇಟ್ಟುಕೊಳ್ಳುತ್ತಿದ್ದ ಪುಟ್ಟ ನೈಟ್ರೋಗ್ಲಿಸರಿನ್ ಮಾತ್ರೆ ನೆನಪಿದೆಯಾ? ನಾಲಿಗೆಯ ಕೆಳಗಿನ ಪೊರೆ ತೆಳು, ಅದರಡಿಯಲ್ಲೇ ರಕ್ತನಾಳಗಳು. ಅಲ್ಲಿಂದ ರಕ್ತ ಲಿವರ್‌ಗೆ ಹೋಗದೆ ನೇರವಾಗಿ ಹೃದಯದ ಕಡೆಗೆ ಹೋಗುತ್ತದೆ. ಕೆಲವೇ ನಿಮಿಷದಲ್ಲಿ ನೋವು ಇಳಿಯುತ್ತಿತ್ತು. ಅದನ್ನೇ ನುಂಗಿದ್ದರೆ ಬಹುಪಾಲು ಲಿವರ್‌ನಲ್ಲೇ ಒಡೆದುಹೋಗುತ್ತಿತ್ತು. ಹೊಟ್ಟೆ ಮತ್ತು ಕರುಳಿನ ರಕ್ತವೆಲ್ಲ ಮೊದಲು ಲಿವರ್ ದಾಟಿಯೇ ಮೈಗೆ ಹರಡಬೇಕು. ಅಲ್ಲಿ ಕೆಲವು ಔಷಧಿಗಳು ಅರ್ಧಕ್ಕರ್ಧ ಕಳೆದುಹೋಗುತ್ತವೆ.

ಅನ್ನನಾಳದಲ್ಲಿ ಔಷಧಿ ಹೀರಿಕೊಳ್ಳುವ ಕೆಲಸ ನಡೆಯುವುದಿಲ್ಲ ಎನ್ನಬಹುದು. ಆದರೂ ಇದನ್ನು ಬರೆಯುವುದಕ್ಕೆ ಕಾರಣ ನೀನೇ! ಒಂದು ಗುಟುಕು ನೀರಲ್ಲಿ ನುಂಗಿ ಹಾಗೇ ಮಲಗುವ ಅಭ್ಯಾಸ ನಿನ್ನದು. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್‌ನಂಥ ಮಾತ್ರೆ ಅಲ್ಲೇ ಅಂಟಿಕೊಂಡರೆ ಹುಣ್ಣಾಗುತ್ತದೆ. ಒಂದು ಲೋಟ ನೀರು ಪೂರ್ತಿ ಕುಡಿ, ಅರ್ಧ ಗಂಟೆ ಕೂತಿರು.

ಔಷಧಿ ರಕ್ತಕ್ಕೆ ಸೇರುವುದು ಜಠರದಲ್ಲಿ ಎಂದು ಜಾಸ್ತಿ ಜನ ನಂಬಿದ್ದಾರೆ. ಅಲ್ಲಿ ಹೀರುವುದು ಕಡಿಮೆಯೇ. ಅದು ಕಲಸುತ್ತದೆ, ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಕೆಳಗೆ ಬಿಡುತ್ತದೆ. ಎಣ್ಣೆಯ ಊಟ ತುಂಬಿದ್ದರೆ ಆ ಬಾಗಿಲು ಬೇಗ ತೆರೆಯುವುದಿಲ್ಲ, ಮಾತ್ರೆಯೂ ಕಾಯಬೇಕು. ಜಠರದ ಆಮ್ಲ ತಾಳದ ಔಷಧಿಗಳಿಗೆ ಮೇಲೊಂದು ಲೇಪ ಹಾಕಿರುತ್ತಾರೆ. ನಾನು ಒಮ್ಮೆ ಅಂಥ ಮಾತ್ರೆಯನ್ನು ನಿಂಬೆರಸದ ಬಟ್ಟಲಿಗೆ ಹಾಕಿ ನೋಡಿದೆ. ಒಂದು ಗಂಟೆ ಕಳೆದರೂ ಹೊಳಪು ಮಾಸಲಿಲ್ಲ. ಅಡುಗೆ ಸೋಡಾ ಕಲಸಿದ ನೀರಿಗೆ ಹಾಕಿದಾಗ ಮೊದಲು ಸಿಪ್ಪೆ ಸುಕ್ಕಾಯಿತು, ಆಮೇಲೆ ಅಂಚು ಬಿಟ್ಟುಕೊಂಡು ಬಿಳಿ ಪುಡಿ ಕೆಳಗೆ ಇಳಿಯಿತು. ಆಮ್ಲ ಕಡಿಮೆ ಇರುವ ಕರುಳಿಗೆ ಬಂದಾಗ ಬಿಚ್ಚಿಕೊಳ್ಳುವುದೂ ಹೀಗೇ. ಅದಕ್ಕೇ ಲೇಪವಿರುವ ಮಾತ್ರೆಯನ್ನು ಮುರಿಯಬಾರದು, ಅಗಿಯಬಾರದು.

ಇನ್ನು ಸಣ್ಣ ಕರುಳು. ನನಗೆ ಅತಿ ಆಶ್ಚರ್ಯವೆನಿಸುವ ಜಾಗ ಇದು. ಉದ್ದ ಸುಮಾರು 6 ಮೀಟರ್. ಒಳಗೆಲ್ಲ ಮಡಿಕೆ, ಮಡಿಕೆಯ ಮೇಲೆ ದಪ್ಪ ಟವೆಲ್‌ನ ಎಳೆಗಳಂಥ ಕುಡಿಗಳು, ಆ ಕುಡಿಗಳ ಮೇಲೂ ಕಣ್ಣಿಗೆ ಕಾಣದ ಸೂಕ್ಷ್ಮ ಎಳೆಗಳು. ಎಲ್ಲಾ ಬಿಡಿಸಿ ಹಾಸಿದರೆ ಸುಮಾರು 30 ಚದರ ಮೀಟರ್, ಒಂದು ದೊಡ್ಡ ಕೋಣೆಯ ನೆಲದಷ್ಟು! ಹೆಚ್ಚಿನ ಔಷಧಿಗಳು ರಕ್ತಕ್ಕೆ ಸೇರುವುದು ಇಲ್ಲೇ. ಇಲ್ಲೂ ಒಳಗೊಳಗೇ ಜಾಗ ಬೇರೆ. ಕಬ್ಬಿಣಾಂಶ ಹೆಚ್ಚಾಗಿ ಕರುಳಿನ ಮೊದಲ ತುಂಡಿನಲ್ಲಿ, ವಿಟಮಿನ್ ಬಿ12 ಕೊನೆಯ ತುಂಡಿನಲ್ಲಿ. ಆ ಕೊನೆಯ ಭಾಗವನ್ನು ಆಪರೇಷನ್ನಿನಲ್ಲಿ ತೆಗೆದವರಿಗೆ ಬಿ12 ಇಂಜೆಕ್ಷನ್ ಬೇಕಾಗುವುದು ಅದಕ್ಕೇ.

ನಿನ್ನ ಥೈರಾಯ್ಡ್ ಮಾತ್ರೆ ಸೇರುವುದೂ ಈ ಸಣ್ಣ ಕರುಳಿನಲ್ಲೇ. ಊಟ, ಕಾಫಿ ಅದಕ್ಕೆ ಅಡ್ಡ ಬರುತ್ತವೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಂತೂ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ರಕ್ತಕ್ಕೆ ಬಿಡುವುದಿಲ್ಲ. ನೀನು ನುಂಗಿದ್ದು ಪೂರ್ತಿ ಮಾತ್ರೆ, ಮೈಗೆ ಸಿಕ್ಕಿದ್ದು ಚೂರುಪಾರು ಎಂದಾಗುತ್ತದೆ.

ದೊಡ್ಡ ಕರುಳಿನಲ್ಲಿ ಎಲ್ಲವೂ ನಿಧಾನ. ದೊಡ್ಡ ಕರುಳಿನ ಉರಿಯೂತಕ್ಕೆ ಕೊಡುವ ಸಲ್ಫಸಲಜೀನ್ ಎಂಬ ಔಷಧಿಯನ್ನು ಅಲ್ಲಿನ ಬ್ಯಾಕ್ಟೀರಿಯಾಗಳೇ ಒಡೆದು, ಬೇಕಾದ ಜಾಗದಲ್ಲೇ ಕೆಲಸಕ್ಕೆ ಹಚ್ಚುತ್ತವೆ. ಕೊಳವೆಯ ಕೊನೆಯೂ ವ್ಯರ್ಥವಲ್ಲ. ನಿನಗೆ 3 ವರ್ಷವಿದ್ದಾಗ ಜ್ವರ, ಕೊಟ್ಟಿದ್ದೆಲ್ಲ ವಾಂತಿ. ಆ ರಾತ್ರಿ ಗುದದಲ್ಲಿ ಇಡಲೆಂದೇ ಮಾಡಿದ ಪ್ಯಾರಾಸಿಟಮಾಲ್ ಬತ್ತಿ (ಸಪೊಸಿಟರಿ) ಇಟ್ಟೆವು. ಬೆಳಗಿನ ಜಾವಕ್ಕೆ ನಿನ್ನ ಹಣೆ ಬೆವರಿತು. ಆಗ ನಾನು ಅತ್ತಿದ್ದು ನಿನಗೆ ಗೊತ್ತಿಲ್ಲ.

ನಾಳೆಯಿಂದ ಹೀಗೆ ಮಾಡು. ಎದ್ದ ತಕ್ಷಣ ಥೈರಾಯ್ಡ್ ಮಾತ್ರೆ, ಬರೀ ನೀರಲ್ಲಿ. ತಿಂಡಿ, ಕಾಫಿ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಕನಿಷ್ಠ 4 ಗಂಟೆ ಅಂತರವಿರಲಿ, ಅದನ್ನು ರಾತ್ರಿ ಊಟದ ಹೊತ್ತಿಗೆ ತಳ್ಳಿಬಿಡು. ಸುಮಾರು 6 ವಾರದ ನಂತರ ಡಾಕ್ಟರ್ ಮತ್ತೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ರಿಪೋರ್ಟ್ ಬಂದ ದಿನವೇ ನನಗೆ ಕಳಿಸು. ಈಗ ನುಂಗುತ್ತಿರುವ ಎಲ್ಲಾ ಸ್ಟ್ರಿಪ್‌ಗಳ ಫೋಟೋ ಇವತ್ತೇ ಕಳಿಸು, ಕೂತು ಒಂದೊಂದಾಗಿ ನೋಡೋಣ.

ನಿನ್ನ
ಅಮ್ಮ